ನೂತನ ಶಿಲಾಯುಗದ ಗ್ರಾಮದ ಪ್ರತಿಕೃತಿ: ಆಧಾರ, ಅನುಮಾನ ಮತ್ತು ಅಳತೆ

ಪ್ರಾಗಿತಿಹಾಸವನ್ನು ಬೋಧಿಸುವ ಅಧ್ಯಾಪಕನಿಗೆ ಶಾಸನ, ನಾಣ್ಯ, ಅರಸರ ವಂಶಾವಳಿ ಇವು ಯಾವುವೂ ನೆರವಿಗೆ ಬರುವುದಿಲ್ಲ. ಅವನ ಕೈಯಲ್ಲಿರುವುದು ಕಲ್ಲಿನ ಕೊಡಲಿ, ಮಡಕೆಯ ಚೂರು, ಸುಟ್ಟ ಧಾನ್ಯ, ಎಲುಬಿನ ತುಂಡು. ಇವುಗಳ ಹಿಂದೆ ಜನರು ಬಾಳಿದ ಒಂದು ಊರು ಇದ್ದಿತೆಂಬುದನ್ನು ವಿದ್ಯಾರ್ಥಿಯ ಮನಸ್ಸಿಗೆ ಮುಟ್ಟಿಸಲು, ಅಳತೆಗೆ ಸರಿಯಾಗಿ ರಚಿಸಿದ ಗ್ರಾಮದ ಪ್ರತಿಕೃತಿಗಿಂತ ಉತ್ತಮವಾದ ಸಾಧನವಿಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ಈ ಸಾಧನವು ಅಪಾಯಕಾರಿಯೂ ಅಹುದು. ಬರಹದಲ್ಲಿ ‘ಬಹುಶಃ’ ಎಂದು ಬರೆದು ಮುಂದೆ ಸಾಗಬಹುದು. ಗುಡಿಸಲಿಗೆ ಮಾಡು ಹೊದಿಸುವಾಗ ‘ಬಹುಶಃ’ ಎಂಬ ಹುಲ್ಲು ಸಿಕ್ಕುವುದಿಲ್ಲ. ಆದಕಾರಣ ಇಂತಹ ಪ್ರತಿಕೃತಿಯನ್ನು ಯಾವ ಆಧಾರದ ಮೇಲೆ, ಯಾವ ಎಚ್ಚರಿಕೆಯಿಂದ ರಚಿಸಬೇಕೆಂಬುದನ್ನು ಕೋಲಾರದ ಚಿನ್ನದ ಗಣಿ ಪ್ರದೇಶವನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸುತ್ತೇವೆ.

ನಂದಿದುರ್ಗವೆಂದರೆ ಇಲ್ಲಿ ಚಿಕ್ಕಬಳ್ಳಾಪುರದ ಬಳಿಯ ಬೆಟ್ಟವಲ್ಲ. ಆ ಬೆಟ್ಟದ ಹೆಸರನ್ನು ಹೊತ್ತ ಗಣಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಗಣಿಗಳೊಡನೆ ಇದೂ ಕೋಲಾರದ ನಾಲ್ಕು ಪ್ರಧಾನ ಗಣಿಗಳಲ್ಲೊಂದಾಗಿದ್ದು, 2001ರಲ್ಲಿ ಅಲ್ಲಿನ ಗಣಿಗಾರಿಕೆ ನಿಂತಿತು. ಇಲ್ಲಿ ಪ್ರತಿಕೃತಿಯನ್ನು ರಚಿಸಹೊರಟವನು ಮೊದಲು ಮಾಡಬೇಕಾದುದು ಕೂಡಿಸುವ ಕೆಲಸವಲ್ಲ, ಕಳೆಯುವ ಕೆಲಸ. ಕಣ್ಣಿಗೆ ಬೆಟ್ಟಗಳಂತೆ ತೋರುವ ಸಯನೈಡ್ ದಿಬ್ಬಗಳು 1880ರ ತರುವಾಯದವು. ನೀಲಗಿರಿ ಮರ, ಲಾಂಟಾನ, ಬಳ್ಳಾರಿ ಜಾಲಿ ಇವು ಹೊರದೇಶಗಳಿಂದ ಬಂದವು. ಅಂಗಳದಲ್ಲಿ ಒಣಗುವ ಮೆಣಸಿನಕಾಯಿಯೂ ಮುಸುಕಿನ ಜೋಳವೂ ಅಮೆರಿಕದವು. ಈ ಜಿಲ್ಲೆಯ ಹೆಗ್ಗುರುತಾದ ಕೆರೆಗಳೂ ಐತಿಹಾಸಿಕ ಕಾಲದ ನಿರ್ಮಾಣಗಳು. ಇವನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಕಣಶಿಲೆಯ ಗುಡ್ಡ, ಅದರ ಬುಡದ ಕೆಂಪು ಮಣ್ಣು, ಕುರುಚಲು ಕಾಡು ಮತ್ತು ಮಳೆಗಾಲದ ಹಳ್ಳ. ಇದೇ ನಮ್ಮ ಪೀಠ.

ಇನ್ನು ಕಾಲನಿರ್ಣಯ. ದಕ್ಷಿಣ ಭಾರತದ ನೂತನ ಶಿಲಾಯುಗವು ಸುಮಾರು ಕ್ರಿ. ಪೂ. 3000ದಿಂದ ಕ್ರಿ. ಪೂ. 1200ರವರೆಗೆ ಹಬ್ಬಿದೆ. ಈ ದೀರ್ಘಕಾಲದ ವಸ್ತುಗಳನ್ನೆಲ್ಲ ಒಂದೇ ಅಂಗಳದಲ್ಲಿ ಹರಡಿದರೆ ಅದು ಸಂತೆಯಾದೀತೇ ಹೊರತು ಗ್ರಾಮವಾಗದು. ನಾವು ಸೂಚಿಸುವ ಕಾಲ ಕ್ರಿ. ಪೂ. 1700ರ ಸುಮಾರು, ಗುಡ್ಡಗಳ ಮೇಲೆ ಜನ ನೆಲೆನಿಂತು ಬಾಳುತ್ತಿದ್ದ ಕಾಲ. ಆದುದರಿಂದ ಕಬ್ಬಿಣ ಬರತಕ್ಕುದಲ್ಲ, ಕುದುರೆ ಬರತಕ್ಕುದಲ್ಲ. 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಅಗೆದು ತೋರಿಸಿದಂತಹ ಬೃಹತ್ ಶಿಲಾಸಮಾಧಿಗಳೂ ಬರತಕ್ಕುವಲ್ಲ. 1947ರಲ್ಲಿ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಸ್ಥಾಪಿಸಿದ ಕ್ರಮದಲ್ಲಿ ಆ ಸಮಾಧಿಗಳದು ಶಿಲಾಕೊಡಲಿಯ ಸಂಸ್ಕೃತಿಯ ಮೇಲಿನ ಸ್ತರ.

ವಾಸಗೃಹಗಳಿಗೆ ಆಧಾರವೇನು? ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನವು ಈ ವಿಷಯದಲ್ಲಿ ನಮಗೆ ಮುಖ್ಯವಾದುದು. ಅಲ್ಲಿ ಬಂಡೆಗಳ ನಡುವೆ ನೆಲವನ್ನು ಸಮಮಾಡಿ ದುಂಡಾದ ಮನೆಗಳನ್ನು ಕಟ್ಟಿದ್ದರು. ನೆಲ ಮತ್ತು ಬುಡದ ಕಲ್ಲುಗಳು ದೊರೆತಿವೆ; ಗೋಡೆ ಮತ್ತು ಮಾಡು ದೊರೆಯಲು ಸಾಧ್ಯವಿಲ್ಲ. ಅವುಗಳ ರೂಪವನ್ನು ಆ ಸಂಶೋಧಕರು ಸುತ್ತಣ ಬೋಯ ಜನರ ಗುಡಿಸಲುಗಳೊಡನೆ ಹೋಲಿಸಿ ಊಹಿಸಿದರು. ಹೋಲಿಕೆ ಯುಕ್ತವಾದುದೇ: ಅದೇ ಕಲ್ಲು, ಅದೇ ಹುಲ್ಲು, ಅದೇ ಬಿಸಿಲು. ಆದರೆ ಹೋಲಿಕೆ ನಿಲ್ಲಬೇಕಾದದ್ದು ಕಟ್ಟುವ ವಿಧಾನದಲ್ಲಿ. ಇಂದು ನಮ್ಮೊಡನೆ ಬಾಳುತ್ತಿರುವ ಒಂದು ಜನವರ್ಗವನ್ನು ಶಿಲಾಯುಗದ ಅವಶೇಷವೆಂಬಂತೆ ತೋರಿಸುವುದು ಇತಿಹಾಸವೂ ಅಲ್ಲ, ನ್ಯಾಯವೂ ಅಲ್ಲ. ಪ್ರತಿಕೃತಿಯ ಮಾನವಾಕೃತಿಗಳಿಗೆ ಯಾವುದೇ ಸಮುದಾಯದ ಉಡಿಗೆತೊಡಿಗೆಯನ್ನು ತೊಡಿಸದಿರುವುದು ಆದ್ದರಿಂದ ಲೇಸು.

ಕೋಲಾರದ ಸೀಮೆಗೆ ಬಳ್ಳಾರಿಯ ಚಿತ್ರವನ್ನು ಇದ್ದಂತೆಯೇ ಎತ್ತಿಡಲೂ ಬಾರದು. ರಾಯಚೂರು, ಬಳ್ಳಾರಿ, ಯಾದಗಿರಿ ಪ್ರಾಂತಗಳಲ್ಲಿ ಕಾಣುವ ಬೂದಿದಿಬ್ಬಗಳು ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆಮತ್ತೆ ಸುಟ್ಟುದರಿಂದ ಆದವು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನಲ್ಲಿ ದನಗಳ ಗೊರಸಿನ ಗುರುತನ್ನೇ ಕಂಡರು. ಬೂದಿಹಾಳದಲ್ಲಿ ಪದ್ದಯ್ಯನವರ ಉತ್ಖನನವು ದೊಡ್ಡಿಯನ್ನೂ ಅದಕ್ಕೆ ಹೊಂದಿದ ವಸತಿಯನ್ನೂ ಬೆಳಕಿಗೆ ತಂದಿತು. ಇಂತಹ ದಿಬ್ಬಗಳು ಕೋಲಾರದ ಕಡೆಯವಲ್ಲ. ನಮಗೆ ಸಮೀಪವಾದ ನಿದರ್ಶನ ಗಡಿಯಾಚೆ, ತಿರುಪ್ಪತ್ತೂರು ಸೀಮೆಯ ಪೈಯಂಪಳ್ಳಿ. 1960ರ ದಶಕದಲ್ಲಿ ಅಲ್ಲಿ ನೆಲದಲ್ಲಿ ತೋಡಿದ ಗುಂಡಿಗಳು ದೊರೆತು, ಅವನ್ನು ವಾಸದ ಗುಂಡಿಗಳೆಂದು ಗುರುತಿಸಲಾಯಿತು. ಪ್ರತಿಕೃತಿಯಲ್ಲಿ ಒಂದೆರಡು ಗುಂಡಿಮನೆಗಳಿಗೆ ಸ್ಥಳವಿರುವುದು ಯುಕ್ತ.

ಹೊಲದ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಕೋಲಾರವೆಂದರೆ ರಾಗಿಯ ನಾಡು. ವಿದ್ಯಾರ್ಥಿಯ ಕೈ ತಾನಾಗಿಯೇ ರಾಗಿಯ ಹೊಲವನ್ನು ಬಿಡಿಸುತ್ತದೆ. ರಾಗಿಯಾದರೋ ಆಫ್ರಿಕದ ಮೂಲದ್ದು. ಹಳ್ಳೂರಿನಂತಹ ನೆಲೆಗಳಿಂದ ರಾಗಿಯೆಂದು ಮೊದಲು ವರದಿಯಾದ ಕಾಳುಗಳನ್ನು ಈಚಿನ ಸಸ್ಯಾವಶೇಷ ತಜ್ಞರು ಒಪ್ಪಿಲ್ಲ. ಸಂಗನಕಲ್ಲು ಮೊದಲಾದೆಡೆ ಮಣ್ಣನ್ನು ನೀರಿನಲ್ಲಿ ತೇಲಿಸಿ ಶೋಧಿಸಿದಾಗ ಮುಖ್ಯವಾಗಿ ದೊರೆತದ್ದು ಕೊರಲೆ, ಅದರ ಜೊತೆಯ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಆಗಿನ ಊಟ ಕೊರಲೆಯ ಅಂಬಲಿ, ಹುರುಳಿಯ ಸಾರು ಎಂದು ಹೇಳಿದರೆ ತಪ್ಪಾಗಲಾರದು, ರಾಗಿಮುದ್ದೆಯಲ್ಲ. ನಮ್ಮ ಅತ್ಯಂತ ಸ್ವಂತದ ಆಹಾರವೂ ಒಂದು ಕಾಲದಲ್ಲಿ ಹೊರಗಿನಿಂದ ಬಂದುದೆಂದು ತಿಳಿಯುವುದು ವಿದ್ಯಾರ್ಥಿಗೆ ಸಣ್ಣ ಲಾಭವಲ್ಲ.

ಚಿನ್ನದ ಸ್ಥಾನವೇನೆಂದು ಈ ಊರಿನ ಪ್ರೇಕ್ಷಕನು ಕೇಳದಿರನು. ತೆಕ್ಕಲಕೋಟೆಯಲ್ಲಿ ಚಿನ್ನದ ಕರ್ಣಾಭರಣ ದೊರೆತಿರುವುದರಿಂದ ಆ ಜನಕ್ಕೆ ಲೋಹದ ಪರಿಚಯವಿದ್ದುದು ನಿಜ. 1802ರಲ್ಲಿ ಲೆಫ್ಟಿನೆಂಟ್ ವಾರನ್ ಊರಿಗಾಂ ಮಾರಿಕುಪ್ಪಗಳ ಬಳಿ ಹಳ್ಳಿಗರು ಚಿನ್ನ ತೆಗೆಯುತ್ತಿದ್ದುದನ್ನು ಕಂಡುದೂ ನಿಜ. ಆದರೆ ಈ ಎರಡು ನಿಜಗಳ ನಡುವೆ ಮೂರು ಸಾವಿರಕ್ಕೂ ಮಿಕ್ಕ ವರ್ಷಗಳಿವೆ. ಹಳ್ಳದ ಮರಳನ್ನು ಜಾಲಿಸುವ ಹೆಂಗಸಿನ ಆಕೃತಿಯನ್ನು ಇಡುವುದಾದರೆ, ಅದು ಕಲ್ಪನೆಯೆಂಬ ಗುರುತಿನೊಡನೆಯೇ ಇಡಬೇಕು.

ಅಳತೆಗೆ 1:50 ಅನುಕೂಲವಾದುದು. 2 ಮೀಟರ್ ಉದ್ದ, 1.2 ಮೀಟರ್ ಅಗಲದ ಪೀಠವು 100 ಮೀಟರ್ ಉದ್ದ, 60 ಮೀಟರ್ ಅಗಲದ ನೆಲವನ್ನು ಹಿಡಿಯುತ್ತದೆ. 4 ಮೀಟರ್ ವ್ಯಾಸದ ಗುಡಿಸಲು 8 ಸೆಂಟಿಮೀಟರ್, 1.6 ಮೀಟರ್ ಎತ್ತರದ ಮನುಷ್ಯ 3.2 ಸೆಂಟಿಮೀಟರ್, 30 ಮೀಟರ್ ಗುಡ್ಡ 60 ಸೆಂಟಿಮೀಟರ್ ಆಗುವುವು. ಗುಡ್ಡವನ್ನು ಅಂದಕ್ಕಾಗಿ ಎತ್ತರಿಸಕೂಡದು. 12 ಸೆಂಟಿಮೀಟರಿನ ಕೊಡಲಿ ಈ ಅಳತೆಯಲ್ಲಿ 2.4 ಮಿಲಿಮೀಟರಿಗೆ ಇಳಿಯುವುದರಿಂದ, ಅದರ ಪೂರ್ಣಗಾತ್ರದ ನಕಲನ್ನು ಪೀಠದ ಪಕ್ಕದಲ್ಲಿಡುವುದು ಮೇಲು. ಇದೇ ಅಳತೆಯಲ್ಲಿ ಚಾಂಪಿಯನ್ ರೀಫ್ ಗಣಿಯ ಆಳವನ್ನು ತೋರಿಸಹೊರಟರೆ ಮೇಜಿನ ಕೆಳಗೆ 60 ಮೀಟರಿಗೂ ಹೆಚ್ಚು ಅಗೆಯಬೇಕಾದೀತು! ನೂತನ ಶಿಲಾಯುಗದ ಒಂದೆರಡು ಮೀಟರ್ ದಪ್ಪದ ಸ್ತರಕ್ಕಾದರೋ 2ರಿಂದ 4 ಸೆಂಟಿಮೀಟರ್ ಸಾಕು.

ಪೀಠದ ಒಂದು ಅಂಚನ್ನು ನೇರವಾಗಿ ಕೊಯ್ದು ಸ್ತರಗಳನ್ನು ತೋರಿಸುವುದು ಅವಶ್ಯ. ಮನೆಯ ನೆಲದ ಕೆಳಗೆ ಮಡಕೆಯಲ್ಲಿಟ್ಟು ಹೂಳಿದ ಶಿಶುವಿನ ಸಮಾಧಿಗೆ ಅಲ್ಲಿಯೇ ಸ್ಥಾನ. ಸಾಮಗ್ರಿಗೆ ಸ್ಥಳೀಯ ಕಣಶಿಲೆಯ ಚೂರು, ಜರಡಿ ಹಿಡಿದ ಕೆಮ್ಮಣ್ಣು, ಬಿದಿರಿನ ಸೀಳು, ನವುರಾದ ಹುಲ್ಲು ಸಾಕು. ಗಣಿಯ ದಿಬ್ಬಗಳ ನುಣುಪಾದ ಮರಳು ಕಣ್ಣಿಗೆ ಯೋಗ್ಯವೆನಿಸಿದರೂ ಅದು ಅದಿರನ್ನು ಸಯನೈಡಿನಿಂದ ಸಂಸ್ಕರಿಸಿ ಉಳಿದ ಕಸ. ವಿದ್ಯಾರ್ಥಿಗಳು ಅದನ್ನು ಮುಟ್ಟಲೇಬಾರದು.

ಕೊನೆಯದಾಗಿ ಗುರುತುಗಳ ವಿಚಾರ. ಪ್ರತಿಯೊಂದು ಅಂಗವನ್ನೂ ದೃಷ್ಟ, ಅನುಮಿತ, ಕಲ್ಪಿತ ಎಂದು ಮೂರಾಗಿ ವಿಂಗಡಿಸಿ, ಮೂರು ಬಣ್ಣದ ಗುಂಡುಸೂಜಿಗಳಿಂದ ತೋರಿಸಬೇಕೆಂದು ನಾವು ಸೂಚಿಸುತ್ತೇವೆ. ಮನೆಯ ನೆಲ ದೃಷ್ಟ, ಮಾಡು ಅನುಮಿತ, ಬಾಗಿಲಲ್ಲಿ ನಿಂತ ಮಗುವಿನ ನಗೆ ಕಲ್ಪಿತ. ಹೊಸ ಉತ್ಖನನದ ಫಲ ಬಂದಂತೆ ಸೂಜಿಗಳನ್ನು ಬದಲಾಯಿಸಬಹುದು. ಈ ಶ್ರಮ ಏಕೆಂದರೆ, ಬಳ್ಳಾರಿಯ ಕಡೆ ಸಂಗನಕಲ್ಲು-ಕುಪ್ಪಗಲ್ಲುಗಳ ಗುಡ್ಡಗಳು ಕಲ್ಲುಗಣಿಗಾರಿಕೆಯ ಹೊಡೆತಕ್ಕೆ ಸಿಕ್ಕಿವೆ. ಕೋಲಾರದ ಬಂಡೆಗಳಿಗೂ ಅದೇ ಸುತ್ತಿಗೆ ಕಾದಿದೆ. ಗುಡ್ಡವೇ ಇಲ್ಲದ ಮೇಲೆ ಪ್ರತಿಕೃತಿಯನ್ನು ಪರೀಕ್ಷಿಸಲು ಮೂಲವೇ ಇರದು. ಪ್ರತಿಕೃತಿಯನ್ನು ಕಂಡು ಕಲಿತ ವಿದ್ಯಾರ್ಥಿಯು ತನ್ನೂರ ಗುಡ್ಡದ ಮೇಲಿನ ಮಡಕೆಯ ಚೂರನ್ನು ಗುರುತಿಸಿ, ಅದನ್ನು ಕೀಳದೆ, ಅದಿರುವ ಸ್ಥಳವನ್ನು ಬರೆದುಕೊಂಡು ಬರುವಂತಾದರೆ, ಈ ಕಾರ್ಯ ಸಾರ್ಥಕವೆಂದು ನಾವು ಭಾವಿಸುತ್ತೇವೆ.