ಗಡಿ ದಾಟಿದ ಕರೆಂಟು

1956ರ ನವೆಂಬರ್ 1 ಕಾಸರಗೋಡಿನವರಿಗೆ ಎಂಥ ದಿನವೆಂದು ಹೇಳಬೇಕಾಗಿಲ್ಲ. ನಮ್ಮ ಕಡೆಗೂ ಅದೇ ದಿನ ಗೆರೆ ಬಿತ್ತು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ಧನ್ವಾಡ, ನಾರಾಯಣಪೇಟೆ, ಮಕ್ತಲ್‌ಗಳೂ ಅದೇ ರಾಜ್ಯದ ಪಾಲಾದವು.

ಕರೆಂಟಿಗೂ ಆ ಗೆರೆಯೇ ಗಡಿಯಾಯಿತು. 1948ರ ವಿದ್ಯುತ್ ಸರಬರಾಜು ಕಾಯಿದೆಯಂತೆ ರಾಜ್ಯಕ್ಕೊಂದು ಮಂಡಳಿ: ಕೇರಳ, ಮೈಸೂರುಗಳಲ್ಲಿ 1957ರಲ್ಲಿ, ಆಂಧ್ರದಲ್ಲಿ 1959ರಲ್ಲಿ. ಸಾಗಣೆ, ಮಾರಾಟ ಮಂಡಳಿಯದೇ.

1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಶುರುವಾಯಿತು. ಕೃಷ್ಣಾ ಸ್ಟೇಷನ್ನಿನ ನೆಂಟರ ಮನೆಗೆ ಹೋದಾಗಲೆಲ್ಲ ಹೊಳೆಯಾಚೆ ಅದರ ದೀಪಗಳು ಕಾಣುತ್ತಿದ್ದವು. ಈಚೆ ನಾವು ಕಂದೀಲಿನ ಗಾಜು ಒರೆಸುತ್ತಿದ್ದೆವು. ಅಲ್ಲಿ ಉರಿಯುತ್ತಿದ್ದ ಕಲ್ಲಿದ್ದಲಲ್ಲಿ ಸಿಂಗರೇಣಿಯದೂ ಇತ್ತು, ಅಂದರೆ ನಮ್ಮ ರಾಜ್ಯದ್ದೇ!

ಮುಂದೆ ದೆಹಲಿಯ ನೀತಿ ಬದಲಾಯಿತು. 2003ರ ವಿದ್ಯುತ್ ಕಾಯಿದೆ ಉತ್ಪಾದನೆಗಿದ್ದ ಲೈಸೆನ್ಸಿನ ಕಟ್ಟು ಸಡಿಲಿಸಿ, ವಿದ್ಯುತ್ ವ್ಯಾಪಾರಕ್ಕೆ ದಾರಿ ತೆರೆಯಿತು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರ ಬಂದಿತು. ನಾಳೆಯ ಕರೆಂಟಿಗೆ ಇಂದೇ ಹರಾಜು. ಆದರೆ ಉತ್ತರದಲ್ಲಿ ಮಿಕ್ಕಿದ್ದನ್ನು ತರುವ ದಾರಿ ಕಿರಿದಾಗಿದ್ದರಿಂದ ದಕ್ಷಿಣದಲ್ಲಿ ಬೆಲೆ ಏರುತ್ತಿತ್ತು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಮಾರ್ಗ ಸೇರಿದಾಗ ದೇಶವೆಲ್ಲ ಒಂದೇ ಜಾಲವಾಯಿತು. ಆ ಗಂಟು ಬಿದ್ದದ್ದು ನಮ್ಮ ನೆರೆಯಲ್ಲೇ.

ತಂತಿ ಒಂದಾದರೂ ದರ ಒಂದಾಗಲಿಲ್ಲ. 2014ರಲ್ಲಿ ನಾವು ತೆಲಂಗಾಣದವರಾದೆವು. 2018ರ ಜನವರಿಯಿಂದ ಇಲ್ಲಿನ ರೈತರ ಪಂಪಿಗೆ ದಿನವಿಡೀ ಉಚಿತ ವಿದ್ಯುತ್ ಘೋಷಣೆಯಾಯಿತು. ಆಚೆ ಕರ್ನಾಟಕದಲ್ಲಿ ಉಚಿತವಿದ್ದರೂ ಗಂಟೆಗಳ ಲೆಕ್ಕ. ಸಗಟು ಮಾರುಕಟ್ಟೆ ದೇಶದ್ದು, ಮನೆಯ ಬಿಲ್ಲು ಮಾತ್ರ ರಾಜ್ಯದ್ದು.

ಗದ್ವಾಲದ ಹತ್ತಿರದ ಜುರಾಲಾ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅದರ ಹಿನ್ನೀರು ಕರ್ನಾಟಕದ ನೆಲಕ್ಕೂ ಹಬ್ಬಿದೆ. ಅದಕ್ಕಾಗಿ 234 ಮೆಗಾವಾಟ್‌ಗಳಲ್ಲಿ ಅರ್ಧ ಪಾಲು ಕರ್ನಾಟಕದ್ದು. ಮುಳುಗಿದ ನೆಲಕ್ಕೆ ಎರಡು ಸರ್ಕಾರಗಳು ಕೂತು ಲೆಕ್ಕ ಮಾಡಿಕೊಂಡವು, ಅದು ನ್ಯಾಯವೇ. ಗೆರೆಯ ಈಚೆ ಉಳಿದ ಮಾತಿಗೆ ಅಂಥ ಲೆಕ್ಕ ಯಾರೂ ಬರೆಯಲಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಇಂದು ಯಾವ ರಾಜ್ಯದಲ್ಲಿ ಹುಟ್ಟಿದ್ದೋ ಹೇಳಲಾಗದು. ಬಿಲ್ಲನ್ನು ಮೊಮ್ಮಗಳು ತೆಲುಗಿನಲ್ಲಿ ಓದುತ್ತಾಳೆ, ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾಳೆ. ಕನ್ನಡದಲ್ಲಿ ಓದಲು ಅವಳಿಗೆ ಕಲಿಸುವ ಕೆಲಸ ಮನೆಯವರಾದ ನಮ್ಮ ಮೇಲೇ ಉಳಿದಿದೆ.