ಮಹಾಪಧಮನಿ ಸ್ಟೆಂಟ್ ಗ್ರಾಫ್ಟ್ ಸೋಂಕು

ಮಹಾಪಧಮನಿ ಸ್ಟೆಂಟ್ ಗ್ರಾಫ್ಟ್ ಸೋಂಕು ಎಂಬುದು ಮಹಾಪಧಮನಿಯ ಉಬ್ಬಿಗೆ, ಅಂದರೆ ಅನ್ಯೂರಿಸಮ್‌ಗೆ, ಚಿಕಿತ್ಸೆಯಾಗಿ ರಕ್ತನಾಳದೊಳಗೆ ಅಳವಡಿಸಿದ ಕೃತಕ ನಾಳಕ್ಕೆ ರೋಗಾಣುಗಳು ತಗಲುವುದರಿಂದ ಉಂಟಾಗುವ ತೊಡಕು. ಇದು ಶೇಕಡ 1ರಷ್ಟು ರೋಗಿಗಳಲ್ಲಿ ಅಥವಾ ಅದಕ್ಕಿಂತ ಕಡಿಮೆ ಜನರಲ್ಲಿ ಕಂಡುಬರುತ್ತದೆಯಾದರೂ ಪ್ರಾಣಾಪಾಯಕಾರಿಯಾಗಿದೆ.

ಹಿನ್ನೆಲೆ

ಹೊಟ್ಟೆಯನ್ನು ಕೊಯ್ಯದೆ, ತೊಡೆಸಂದಿನ ಅಪಧಮನಿಯ ಮೂಲಕ ಗ್ರಾಫ್ಟನ್ನು ಸೇರಿಸುವ ವಿಧಾನವನ್ನು ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ 1990ರಲ್ಲಿ ಅರ್ಜೆಂಟೀನಾದ ವೈದ್ಯ ಹುವಾನ್ ಪರೋಡಿ ಬಳಸಿದರು. ಲೋಹದ ಚೌಕಟ್ಟಿಗೆ ಪಾಲಿಯೆಸ್ಟರ್ ಮೊದಲಾದ ಕೃತಕ ಬಟ್ಟೆಯನ್ನು ಹೊಂದಿಸಿ ಗ್ರಾಫ್ಟನ್ನು ತಯಾರಿಸಲಾಗುತ್ತದೆ.

ಕಾರಣಗಳು

ಸ್ಟ್ಯಾಫಿಲೋಕಾಕಸ್ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಸಾಮಾನ್ಯ ಕಾರಣಗಳು. ಅವು ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ದೇಹದ ಬೇರೆ ಭಾಗದ ಸೋಂಕಿನಿಂದ ರಕ್ತದ ಮೂಲಕ, ಅಥವಾ ಪಕ್ಕದ ಕರುಳಿನಿಂದ ಗ್ರಾಫ್ಟನ್ನು ತಲುಪುತ್ತವೆ. ಕೃತಕ ಬಟ್ಟೆಯ ಮೇಲೆ ಅವು ಲೋಳೆಯಂತಹ ಪದರ ಕಟ್ಟಿಕೊಳ್ಳುವುದರಿಂದ ಔಷಧಿ ಸುಲಭವಾಗಿ ನಾಟುವುದಿಲ್ಲ.

ಜಾನುವಾರುಗಳಿಂದ ಬರುವ ಬ್ರುಸೆಲ್ಲಾ ಮತ್ತು ಕಾಕ್ಸಿಯೆಲ್ಲಾ ರೋಗಾಣುಗಳೂ ವಿರಳವಾಗಿ ಗ್ರಾಫ್ಟಿಗೆ ತಗಲುತ್ತವೆ. ಕಾಯಿಸದ ಹಾಲು, ಹೆರಿಗೆಯಾದ ದನ-ಕುರಿಗಳ ಮಾಸು ಇವುಗಳ ಸಂಪರ್ಕ ಇದಕ್ಕೆ ದಾರಿ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರ, ಕುರಿ-ದನ ಸಾಕಣೆ ನಡೆಯುವ ಕಡೂರು, ತರೀಕೆರೆ ಮುಂತಾದ ಪ್ರದೇಶಗಳ ಗ್ರಾಫ್ಟ್ ಹೊಂದಿದವರು ತಮ್ಮ ಕಸುಬನ್ನು ವೈದ್ಯರಿಗೆ ತಿಳಿಸುವುದು ಮುಖ್ಯ. ಈ ರೋಗಾಣುಗಳು ಸಾಮಾನ್ಯ ರಕ್ತಪರೀಕ್ಷೆಗಳಲ್ಲಿ ತಪ್ಪಿಹೋಗಬಹುದು.

ಲಕ್ಷಣಗಳು

ಲಕ್ಷಣಗಳು ತಿಂಗಳುಗಳ ಅಥವಾ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಬಿಡದ ಜ್ವರ, ಬೆನ್ನು ಅಥವಾ ಹೊಟ್ಟೆ ನೋವು, ತೂಕ ಇಳಿಕೆ, ತೊಡೆಸಂದಿನಲ್ಲಿ ಕೀವು ಇವುಗಳಲ್ಲಿ ಮುಖ್ಯವಾದವು. ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ ಗ್ರಾಫ್ಟಿಗೂ ಕರುಳಿಗೂ ರಂಧ್ರ ಉಂಟಾಗಿರಬಹುದು. ಇದು ತುರ್ತು ಸ್ಥಿತಿ.

ಪತ್ತೆ ಮತ್ತು ಚಿಕಿತ್ಸೆ

ರಕ್ತದ ಕಲ್ಚರ್, ಸಿ.ಟಿ. ಆಂಜಿಯೋಗ್ರಾಮ್ ಹಾಗೂ ಪೆಟ್-ಸಿ.ಟಿ. ಪರೀಕ್ಷೆಗಳಿಂದ ರೋಗವನ್ನು ಗುರುತಿಸಲಾಗುತ್ತದೆ. ಸೋಂಕು ತಗಲಿದ ಗ್ರಾಫ್ಟನ್ನು ತೆಗೆದು, ರೋಗಿಯದೇ ಅಭಿಧಮನಿ ಅಥವಾ ಬೇರೆ ವಸ್ತುವಿನಿಂದ ನಾಳವನ್ನು ಪುನರ್ನಿರ್ಮಿಸುವುದು, ಇಲ್ಲವೇ ಕಂಕುಳಿನಿಂದ ತೊಡೆಗೆ ಬೈಪಾಸ್ ಮಾಡುವುದು ಪ್ರಧಾನ ಚಿಕಿತ್ಸೆ. ಜೊತೆಗೆ ದೀರ್ಘಕಾಲ ಆಂಟಿಬಯೋಟಿಕ್ ನೀಡಲಾಗುತ್ತದೆ. ಶಸ್ತ್ರಚಿಕಿತ್ಸೆಗೆ ತಾಳಿಕೊಳ್ಳಲಾಗದವರಿಗೆ ಔಷಧಿ ಮತ್ತು ಕೀವು ಹೊರತೆಗೆಯುವಿಕೆಯನ್ನೇ ಅವಲಂಬಿಸಬೇಕಾಗುತ್ತದೆ.

ಮುನ್ನೆಚ್ಚರಿಕೆ

ಇಂತಹ ಚಿಕಿತ್ಸೆಗೆ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುವುದರಿಂದ, ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿ ಇರಿಸಿಕೊಂಡು, ಯಾವುದೇ ಜ್ವರಕ್ಕೂ ವೈದ್ಯರ ಬಳಿ ಹೋದಾಗ ಗ್ರಾಫ್ಟ್ ಇರುವ ವಿಷಯವನ್ನು ಮೊದಲೇ ತಿಳಿಸಬೇಕು. ಹಾಲನ್ನು ಕಾಯಿಸಿಯೇ ಕುಡಿಯುವುದು, ಹೆರಿಗೆಯಾದ ಪ್ರಾಣಿಗಳನ್ನು ಮುಟ್ಟುವಾಗ ಕೈಗವಸು ಧರಿಸುವುದು ಸೂಕ್ತ.