ಐವತ್ತು ವರ್ಷ, ಒಂದೇ ಸೀಮೆ: ಅಶೋಕಪುರಂನ ಶ್ರೀನಿವಾಸ ಪ್ರಸಾದ್

ಬೆಂಗಳೂರಿಂದ ಮೈಸೂರಿಗೆ ರೈಲಲ್ಲಿ ಬರೋರು ಬೋರ್ಡ್ ಮೇಲೆ ‘ಅಶೋಕಪುರಂ’ ಅನ್ನೋ ಹೆಸರು ನೋಡಿರ್ತೀರಿ. ಮೈಸೂರಿನ ದಲಿತರ ಹಳೇ ಬಡಾವಣೆ ಅದು. ವಿ. ಶ್ರೀನಿವಾಸ ಪ್ರಸಾದ್ 1947ರಲ್ಲಿ ಹುಟ್ಟಿದ್ದು ಅಲ್ಲೇ. ಆರು ಸಲ ಸಂಸದ, ಎರಡು ಸಲ ಶಾಸಕ. ಆದ್ರೆ ಶುರುವಾಗಿದ್ದು ಸೋಲಿನಿಂದ. 1974ರಲ್ಲಿ ಕೃಷ್ಣರಾಜ ಕ್ಷೇತ್ರದ ಉಪಚುನಾವಣೆಗೆ ಪಕ್ಷೇತರರಾಗಿ ನಿಂತು ಸೋತರು.

ಚಾಮರಾಜನಗರ ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರ. ಅಲ್ಲಿ 1980, 1984, 1989, 1991, ಹೀಗೆ ಸತತ ನಾಲ್ಕು ಸಲ ಕಾಂಗ್ರೆಸ್ಸಿನಿಂದ ಗೆದ್ದರು. 1996ರಲ್ಲಿ ಸೀಟು ಜನತಾದಳಕ್ಕೆ ಹೋಯ್ತು. 1999ರಲ್ಲಿ ವಾಪಸ್ ಗೆದ್ದಿದ್ದು ಸಂಯುಕ್ತ ಜನತಾದಳದಿಂದ. ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವರೂ ಆದರು. ಮತ್ತೆ ಕಾಂಗ್ರೆಸ್ಸಿಗೆ ಬಂದು 2008, 2013ರಲ್ಲಿ ನಂಜನಗೂಡಿನ ಶಾಸಕರಾದರು, ಸಿದ್ದರಾಮಯ್ಯ ಸಂಪುಟದಲ್ಲಿ ಕಂದಾಯ ಸಚಿವರಾದರು.

ಇಷ್ಟು ಪಕ್ಷ ಬದಲಿಸಿದೋರನ್ನ ನಾವು ಸಾಮಾನ್ಯವಾಗಿ ‘ಪಕ್ಷಾಂತರಿ’ ಅಂತ ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ. ಆದ್ರೆ 2016ನ್ನ ಸ್ವಲ್ಪ ನಿಧಾನವಾಗಿ ನೋಡಿ. ಜೂನ್‌ನಲ್ಲಿ ಅವರನ್ನ ಸಂಪುಟದಿಂದ ಕೈಬಿಟ್ಟರು. ಅವಧಿ ಮುಗಿಯೋಕೆ ಇನ್ನೂ ಒಂದೂವರೆ ವರ್ಷ ಇದ್ದಾಗಲೇ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಆಮೇಲೆ ಬಿಜೆಪಿ ಸೇರಿದರು. ಸೀಟನ್ನೂ ಉಳಿಸಿಕೊಂಡು ಒಳಗೊಳಗೇ ಆಟ ಆಡಬಹುದಿತ್ತು, ಆಡಲಿಲ್ಲ. ಇದು ‘ಸ್ವಾಭಿಮಾನ’ದ ಪ್ರಶ್ನೆ ಅಂತ ಹೇಳಿ 2017ರ ಏಪ್ರಿಲ್‌ನಲ್ಲಿ ಅದೇ ನಂಜನಗೂಡಿನ ಜನರ ಮುಂದೆ ಮತ ಕೇಳೋಕೆ ನಿಂತರು.

ಜನ ಒಪ್ಪಲಿಲ್ಲ. ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ 21,334 ಮತಗಳಿಂದ ಗೆದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಸ್ವಂತ ಊರ ಕಡೆಯೇ ಇಂಥ ಸೋಲು. ಕಥೆ ಮುಗೀತು ಅಂತಲೇ ಎಲ್ಲರೂ ಅಂದ್ಕೊಂಡ್ರು.

2019ರಲ್ಲಿ ಮತ್ತೆ ಚಾಮರಾಜನಗರ, ಈ ಸಲ ಕಮಲದ ಚಿಹ್ನೆ. ಎದುರಿಗೆ ಎರಡು ಸಲ ಗೆದ್ದಿದ್ದ ಹಾಲಿ ಸಂಸದ ಆರ್. ಧ್ರುವನಾರಾಯಣ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಶಾಸಕರಾಗಿದ್ದವರು ಅವರು, ಒಂದು ಓಟಿನ ಬೆಲೆ ಅವರಷ್ಟು ಗೊತ್ತಿದ್ದವರು ಯಾರಿದ್ದಾರೆ ಹೇಳಿ. ಈ ಸಲ ಅವರು 1,817 ಮತಗಳಿಂದ ಸೋತರು. ಇಬ್ಬರೂ ತಲಾ ಐದೂವರೆ ಲಕ್ಷಕ್ಕಿಂತ ಹೆಚ್ಚು ಮತ ಪಡೆದಿದ್ದರು! ಶ್ರೀನಿವಾಸ ಪ್ರಸಾದ್‌ಗೆ ಅದು ಆರನೇ ಗೆಲುವು.

ನನ್ನ ಪ್ರಕಾರ ಆ 1,817ನ್ನ ‘ಜನ ಕ್ಷಮಿಸಿದರು’ ಅಂತ ಓದೋದು ಜಾಸ್ತಿಯಾಯ್ತು. ಆ ವರ್ಷ ಬಿಜೆಪಿ ರಾಜ್ಯದ 28ರಲ್ಲಿ 25 ಸೀಟು ಗೆದ್ದಿತ್ತು. ಆದ್ರೆ ಅದುವರೆಗೆ ಆ ಪಕ್ಷ ಒಮ್ಮೆಯೂ ಗೆಲ್ಲದ ಕ್ಷೇತ್ರ ಚಾಮರಾಜನಗರ. ಅಲೆ ಒಂದರಿಂದಲೇ ಅದು ಆಗ್ತಿರಲಿಲ್ಲ.

2024ರಲ್ಲಿ ಅವರು ಸ್ಪರ್ಧಿಸಲಿಲ್ಲ, 50 ವರ್ಷದ ರಾಜಕೀಯ ಸಾಕು ಅಂದಿದ್ದರು. ಏಪ್ರಿಲ್ 26ಕ್ಕೆ ಚಾಮರಾಜನಗರದಲ್ಲಿ ಮತದಾನ ಆಯ್ತು. 29ಕ್ಕೆ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮತ ಎಣಿಕೆ ನಡೆದಿದ್ದು ಜೂನ್ 4ಕ್ಕೆ, ಸೀಟು ಮತ್ತೆ ಕಾಂಗ್ರೆಸ್ ಪಾಲಾಯ್ತು.